ಐದನೆಯ ಸಲದ ಗೋಡೆ

ಜನವರಿ 12

ಪುಟ್ಟಿ,

ಬಂದು ಮುಟ್ಟಿ ನಾಲ್ಕು ದಿನವಾಯಿತು. ವಿಮಾನದಲ್ಲಿ ಕಟ್ಟಿದ ಕಿವಿ ಇನ್ನೂ ಬಿಟ್ಟಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಇಲ್ಲಿ ಸಿಗ್ನಲ್ ಸಿಗುವುದು ನಿನ್ನ ಗಂಡನ ಫೋನಿಗೆ ಮಾತ್ರ, ಅದೂ ಊಟದ ಕೋಣೆಯ ಕಿಟಕಿ ಪಕ್ಕ ನಿಂತರೆ. ಅಲ್ಲಿ ನಿಂತು ಮಗಳ ಹತ್ತಿರ ಮಾತಾಡಿದರೆ ಹದಿನಾಲ್ಕು ಜನರೂ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ. ನೀನು ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಬರೆಯುತ್ತಿದ್ದೆನಲ್ಲ, ಈಗಲೂ ಹಾಗೇ ಆಗಲಿ. ಅಂಚೆಗೆ ಐದಾರು ದಿನ ಹಿಡಿಯುತ್ತದಂತೆ.

ಮೂರು ತಿಂಗಳು ಬೆನ್ನು ಬಿದ್ದು ಒಪ್ಪಿಸಿದವಳು ನೀನು. "ನಲವತ್ತು ವರ್ಷ ಬೇರೆಯವರ ಮನೆ ಕಟ್ಟಿದ್ದಾಯ್ತು, ಐದು ವಾರ ದೇವರ ಮನೆ ಕಟ್ಟಪ್ಪಾ" ಅಂದೆ. ಆ ಮಾತಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ನಿನ್ನ ಗಂಡ ಕರೆತಂದ ನಿಮ್ಮ ಚರ್ಚಿನ ಸಭೆಯ ತಂಡ ನೋಡಬೇಕು. ಹಲ್ಲಿನ ಡಾಕ್ಟರು, ಬೇಕರಿ ಯಜಮಾನರು, ಅವರ ಹೆಂಡತಿ, ಕಾಲೇಜಿನ ಮೇಡಂ, ಮಿಕ್ಕವರೆಲ್ಲ ಹಾಡುವ ಗುಂಪಿನ ಹುಡುಗ ಹುಡುಗಿಯರು. ಎಲ್ಲರಿಗೂ ಒಂದೇ ಹಳದಿ ಟೀ ಶರ್ಟು, ಬೆನ್ನ ಮೇಲೆ 'ಕಟ್ಟುವ ಕೈಗಳು' ಅಂತ ಬರಹ. ಕರಣೆ ಹಿಡಿದು ಗೊತ್ತಿರುವವನು ನಾನೊಬ್ಬ. ಡಾಕ್ಟರು ಒಂದು ಇಟ್ಟಿಗೆ ಕೂರಿಸೋಕೆ ಅರ್ಧ ಗಂಟೆ ತಗೊಳ್ತಾರೆ, ದವಡೆಯಲ್ಲಿ ಹಲ್ಲು ಕೂರಿಸುವ ಹಾಗೆ. ಆಮೇಲೆ ಆ ಇಟ್ಟಿಗೆ ಮೇಲೆ ಕೈಯಿಟ್ಟು ಪ್ರಾರ್ಥನೆ. ಆಮೇಲೆ ಫೋಟೋ. ಬೇಕರಿಯವರು ಗಾರೆಯನ್ನು ಬನ್ನಿನ ಹಿಟ್ಟಿನಂತೆ ನಾದುತ್ತಾರೆ, ಅವರು ನಾದಿ ಮುಗಿಸುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಅವರು ಕಟ್ಟಿದ್ದನ್ನು ಬಿಚ್ಚಿ, ತೂಗುಗುಂಡು ಬಿಟ್ಟು ನೋಡಿ, ಮತ್ತೆ ಕಟ್ಟುತ್ತೇನೆ. ನಗು ಬರುತ್ತೆ. ಸಿಟ್ಟೂ ಬರುತ್ತೆ.

ಮನಸ್ಸಿಗೆ ಕಸಿವಿಸಿ ಆಗುವುದು ಇನ್ನೊಂದಕ್ಕೆ. ರಸ್ತೆಯಾಚೆ ಒಂದು ಚಹಾದಂಗಡಿ ಇದೆ. ಬೆಳಗ್ಗೆಯಿಂದ ಐದಾರು ಜನ ಕಾಲ ಮಧ್ಯೆ ಚೀಲ ಇಟ್ಟುಕೊಂಡು ಅಲ್ಲಿ ಕೂತು ನಮ್ಮನ್ನೇ ನೋಡುತ್ತಿರುತ್ತಾರೆ. ಚೀಲದಿಂದ ರಸಮಟ್ಟದ ತುದಿ ಕಾಣುತ್ತೆ. ಈ ಊರಿನ ಮೇಸ್ತ್ರಿಗಳು. ಅವರನ್ನು ಕರೆಯಬಾರದಾ ಅಂತ ನಿನ್ನ ಗಂಡನನ್ನು ಕೇಳಿದೆ. "ಮಾವ, ನಾವು ಸೇವೆಗೆ ಬಂದಿದ್ದೀವಲ್ಲ" ಅಂದ.

ಪಾಯ ಮಾತ್ರ ಚೆನ್ನಾಗಿದೆ, ತಿಳಿದವನು ಹಾಕಿದ್ದು. ಇಟ್ಟಿಗೆ ಹಳೆಯವು. ಆರು ಜನ ಹೆಂಗಸರು ಕೂತು ಉಳಿ, ಸುತ್ತಿಗೆಯಲ್ಲಿ ಒಂದೊಂದೇ ಇಟ್ಟಿಗೆಯ ಹಳೆ ಗಾರೆ ಕೆರೆದು ಕೊಡುತ್ತಾರೆ. ಯಾವ ಕಟ್ಟಡದ್ದೋ ಏನೋ.

ಮೊಮ್ಮಗಳಿಗೆ ತಾತನ ಮುತ್ತು.

ನಿನ್ನ ಅಪ್ಪ


ಜನವರಿ 20

ಅಪ್ಪಾ,

ನಿನ್ನ ಕಾಗದ ಓದಿ ಡಾಕ್ಟರ ವಿಷಯಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅತ್ತೆಗೆ ಓದಿ ಹೇಳಲಿಲ್ಲ ಬಿಡು, ಅವರ ಹಲ್ಲಿನ ಸೆಟ್ಟು ಆ ಡಾಕ್ಟರು ಮಾಡಿದ್ದೇ.

ಆದರೂ ಒಂದು ಮಾತು. ನೀನು ಎಲ್ಲಿಗೆ ಹೋದರೂ ಮೊದಲು ಗೋಡೆಯ ಸೊಟ್ಟ ನೋಡುತ್ತೀಯ. ನನ್ನ ಮದುವೆ ದಿನ ಛತ್ರದ ಕಂಬಕ್ಕೆ ರಸಮಟ್ಟ ಹಿಡಿದವನು ನೀನು. ಅವರೆಲ್ಲ ರಜೆ ಹಾಕಿ, ಮನೆ ಮಠ ಬಿಟ್ಟು ಬಂದವರು. ಕೈ ಕೆಲಸ ಬರದಿದ್ದರೇನು, ಮನಸ್ಸಾದರೂ ಇದೆಯಲ್ಲ.

ಇವರ ಮೇಲೆ, ನಿನ್ನ ಅಳಿಯನ ಮೇಲೆ, ಸ್ವಲ್ಪ ದಯೆ ಇಡು. ನಿನ್ನಿಂದ ಒಂದು 'ಭೇಷ್' ಕೇಳಬೇಕು ಅಂತ ಮೂರು ವರ್ಷದಿಂದ ಕಾಯುತ್ತಿದ್ದಾರೆ. ಬಾಯಿ ಬಿಟ್ಟು ಹೇಳುವುದಿಲ್ಲ, ನನಗೆ ಗೊತ್ತಾಗುತ್ತೆ.

ನಮ್ಮ ಶಾಲೆಯ ಮಕ್ಕಳಿಗೆ ಪರೀಕ್ಷೆ ಶುರುವಾಗಿದೆ. ಪಾಪು ನಿನ್ನ ಫೋಟೋ ತೋರಿಸಿದರೆ "ತಾತ ಇಟ್ಟಿಗೆ" ಅನ್ನುತ್ತೆ. ಇಟ್ಟಿಗೆ ನಿನ್ನ ಹೆಸರು ಅಂದುಕೊಂಡಿದೆ. ಬಿಸಿಲಿಗೆ ಟೋಪಿ ಹಾಕಿಕೋ, ಮಾತ್ರೆ ಮರೀಬೇಡ.

ಪುಟ್ಟಿ


ಜನವರಿ 28

ಪುಟ್ಟಿ,

ಇಟ್ಟಿಗೆ ಯಾವ ಕಟ್ಟಡದ್ದು ಅಂತ ಗೊತ್ತಾಯಿತು.

ಗಾರೆ ಕೆರೆಯುವ ಹೆಂಗಸರಲ್ಲಿ ಒಬ್ಬಳಿಗೆ ನಮ್ಮ ಮಾತು ಬರುತ್ತೆ. ನಮ್ಮ ಕಡೆ ಎಂಟು ವರ್ಷ ಕಟ್ಟಡಗಳಲ್ಲಿ ದುಡಿದು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ವಾಪಸು ಬಂದವಳು. ನಿನ್ನದೇ ವಯಸ್ಸು. ಮೊದಲ ವಾರ ನನ್ನ ಕೈ ಕೆಲಸವನ್ನೇ ನೋಡುತ್ತಿದ್ದಳು, ಮಾತಾಡಿರಲಿಲ್ಲ. ಮೊನ್ನೆ ನಾನು ಗಾರೆ ಕಲಸುವಾಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಮೇಸ್ತ್ರಿ, ಸಿಮೆಂಟು ಸ್ವಲ್ಪ ಕಮ್ಮಿ ಹಾಕಿ."

"ಯಾಕಮ್ಮಾ?"

"ಹೋದ ಸಲ ಬಂದವರು ಸಿಕ್ಕಾಪಟ್ಟೆ ಸುರಿದಿದ್ರು. ಒಡೆಯೋದ್ರಲ್ಲಿ ನಮ್ಮ ರಟ್ಟೆ ಬಿದ್ದುಹೋಯ್ತು."

"ಏನನ್ನ ಒಡೆಯೋದು?"

ನಾನು ಎದೆಮಟ್ಟಕ್ಕೆ ಎಬ್ಬಿಸಿದ್ದ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಇದನ್ನೇ. ನೀವು ಹೋದ ಮೇಲೆ ಒಡೀತೀವಿ. ಮುಂದಿನವರು ಬಂದು ಕಟ್ತಾರೆ. ಇದು ಐದನೇದು."

ತಮಾಷೆ ಅಂದುಕೊಂಡೆ. ಆಗ ಅವಳು ರಾಶಿಯಿಂದ ಒಂದು ಇಟ್ಟಿಗೆ ಎತ್ತಿ ತಿರುಗಿಸಿದಳು. ಒಳಮೈಯಲ್ಲಿ ನೀಲಿ ಬಣ್ಣದಲ್ಲಿ ಯಾವುದೋ ಭಾಷೆಯ ಎರಡು ಹೆಸರು, ಮಧ್ಯೆ ಒಂದು ಶಿಲುಬೆ. ಇನ್ನೊಂದು ಎತ್ತಿದಳು, ಅದರ ಮೇಲೆ ನಮ್ಮ ಲಿಪಿ, ನಿಮ್ಮ ಸಭೆಯ ಯಾವುದೋ ಹುಡುಗಿಯ ಹೆಸರು. ಹೋದ ವರ್ಷದ್ದು.

"ನಿಮ್ಮ ಹಳದಿ ಅಂಗಿ ಯಜಮಾನರಿಗೆ ಗೊತ್ತಲ್ಲ, ಹೋದ ಸಲವೂ ಅವರೇ ತಾನೆ ಕರಕೊಂಡು ಬಂದಿದ್ದು" ಅಂದಳು. ನನ್ನ ಅಳಿಯ ಅಂತ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಗುಡಿಯಿಲ್ಲದೆ ಆರು ವರ್ಷದಿಂದ ಇಲ್ಲಿಯ ಜನ ಶಾಲೆಯ ಜಗಲಿ ಮೇಲೆ ಕೂತು ಆರಾಧನೆ ಮಾಡುತ್ತಿದ್ದಾರೆ. ಯಾರಾದರೂ ಸತ್ತರೆ ಹೆಣವನ್ನು ಮರದ ಕೆಳಗೆ ಇಟ್ಟು ಪ್ರಾರ್ಥನೆ ಮುಗಿಸುತ್ತಾರೆ. ನೇರ ಇಲ್ಲಿಯ ಪಾಸ್ಟರ ಹತ್ತಿರ ಹೋದೆ. ಆ ಮನುಷ್ಯ ಮುಚ್ಚುಮರೆ ಮಾಡಲಿಲ್ಲ. "ಗುಡಿ ಮುಗಿದರೆ ನಿಮ್ಮಂಥವರು ಯಾಕೆ ಬರುತ್ತಾರೆ? ಬರೀ ನಮ್ಮ ಜೊತೆ ಹಾಡೋಕೆ ಯಾರೂ ವಿಮಾನ ಹತ್ತಲ್ಲ. ಅವರಿಗೆ ಕಟ್ಟೋಕೆ ಏನಾದರೂ ಬೇಕು. ಅವರು ಬಂದರೆ ಕ್ಲಿನಿಕ್ಕಿಗೆ ಔಷಧಿ ಬರುತ್ತೆ, ಶಾಲೆಗೆ ಪುಸ್ತಕ ಬರುತ್ತೆ" ಅಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿನ ಧೂಳು ಒರೆಸುತ್ತಿದ್ದರು.

ಆಮೇಲೆ ನಿನ್ನ ಗಂಡ. ನಾವು ಇಳಿದುಕೊಂಡಿರುವ ಪಾಸ್ಟರ ಅತಿಥಿಗೃಹದ ಕೋಣೆಯಲ್ಲಿ ಬಾಗಿಲು ಹಾಕಿ ಕೇಳಿದೆ. ತಲೆ ತಗ್ಗಿಸುತ್ತಾನೆ ಅಂದುಕೊಂಡಿದ್ದೆ. "ಮಾವ, ವಿಷಯ ಗೋಡೆಯದ್ದಲ್ಲ. ಈ ಹುಡುಗರನ್ನ ನೋಡಿ, ಇಲ್ಲಿಂದ ಬದಲಾಗಿ ಹೋಗ್ತಾರೆ. ಹೃದಯ ಮುಖ್ಯ" ಅಂದ.

"ಅವರ ಹೃದಯ ಬದಲಾಗೋಕೆ ಆ ಹೆಂಗಸರ ರಟ್ಟೆ ಯಾಕೆ ಬೀಳಬೇಕು?" ಅಂದೆ.

"ಅವರಿಗೂ ಕೂಲಿ ಸಿಗುತ್ತಲ್ಲ" ಅಂದ. ಅಂದವನು ಸೋಪು ತಗೊಂಡು ಕೈ ತೊಳೆಯೋಕೆ ಹೋದ.

ಪುಟ್ಟಿ, ನನಗೆ ಅನ್ನ ಸೇರುತ್ತಿಲ್ಲ. ಊಟಕ್ಕೆ ಮುಂಚೆ ಎಲ್ಲರೂ ಕೈ ಕೈ ಹಿಡಿದುಕೊಂಡು ಕಣ್ಣು ಮುಚ್ಚುತ್ತಾರೆ. ಆ ಕೈಗಳನ್ನು ಮುಟ್ಟಲಾರದೆ ನಾನು ಕೈ ಕಟ್ಟಿಕೊಂಡು ಕೂರುತ್ತೇನೆ. ಇವತ್ತು ಹಾಡುವ ಹುಡುಗಿಯೊಬ್ಬಳು ಆ ಹೆಂಗಸಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಅವಳ ಬರಿಗೈ ಚೆನ್ನಾಗಿ ಕಾಣಲ್ಲ ಅಂತ ತನ್ನ ಕೈಗವಸು ಬಿಚ್ಚಿ ತೊಡಿಸಿದಳು. ಫೋಟೋ ಆದ ಮೇಲೆ ಬಿಚ್ಚಿ ವಾಪಸು ತಗೊಂಡಳು.

ಏನು ಮಾಡಲಿ ಹೇಳು.

ಅಪ್ಪ


ಫೆಬ್ರವರಿ 4

ಅಪ್ಪಾ,

ಕಾಗದ ಬಂತು. ದಯವಿಟ್ಟು ದುಡುಕಬೇಡ. ಇನ್ನು ಒಂದು ವಾರ ಇದೆ ಅಷ್ಟೆ. ಕೊನೆಯ ಭಾನುವಾರ ಪ್ರತಿಷ್ಠೆಯ ಪ್ರಾರ್ಥನೆ ಮುಗಿಸಿ ಸುಮ್ಮನೆ ಬಂದುಬಿಡು. ಈ ವರ್ಷ ಇವರನ್ನು ಸಭೆಯ ಕಾರ್ಯದರ್ಶಿ ಮಾಡುವ ಮಾತಿದೆ. ನೀನು ಅಲ್ಲಿ ಎಲ್ಲರ ಮುಂದೆ ಏನಾದರೂ ಅಂದರೆ ಅದು ನಮ್ಮ ಮನೆಗೇ ಬಂದು ಬಡಿಯುತ್ತೆ.

ಪ್ರಪಂಚ ನಾವಂದುಕೊಂಡ ಹಾಗೆ ಇರಲ್ಲ ಅಪ್ಪಾ. ಔಷಧಿ ಬರುತ್ತೆ, ಪುಸ್ತಕ ಬರುತ್ತೆ ಅಂತ ನೀನೇ ಬರೆದಿದ್ದೀಯ. ಅದೂ ಒಂದು ಒಳ್ಳೆಯದೇ ಅಲ್ಲವಾ?

ಪಾಪುಗೆ ಶೀತ. ಹೆದರುವಂಥದ್ದಲ್ಲ. ಮಾತ್ರೆ ತಗೊಳ್ತಿದ್ದೀಯ ತಾನೆ?

ಪುಟ್ಟಿ


ಫೆಬ್ರವರಿ 10

ಪುಟ್ಟಿ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಒಂದು ಸಾಲು ಹುಡುಕುತ್ತಿದ್ದೆ, ಸಿಗಲಿಲ್ಲ. "ಹೌದಾ ಅಪ್ಪಾ, ಹೀಗೂ ಉಂಟಾ?" ಅಂತ ನೀನು ಎಲ್ಲೂ ಕೇಳಿಲ್ಲ.

ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ತಿಂಗಳು ನನ್ನ ಬೆನ್ನು ಬಿದ್ದೆ. ಈ ಮಾತು ಇಲ್ಲಿಗೇ ಬಿಡುತ್ತೇನೆ. ಮುಂದೆ ಬರೆದರೆ ಆಮೇಲೆ ಅಳಿಸೋಕಾಗಲ್ಲ.

ನಾನು ಮಾಡಿದ್ದು ಹೇಳುತ್ತೇನೆ. ಚಹಾದಂಗಡಿಗೆ ಹೋಗಿ ಆ ಮೇಸ್ತ್ರಿಗಳನ್ನು ಕರೆದೆ. ಭಾಷೆ ಬರದಿದ್ದರೂ ಕರಣೆ ತೋರಿಸಿದರೆ ಅರ್ಥವಾಯಿತು. ಮೂವರು ಬಂದರು. ಒಡೆಯೋಕೇ ಆಗದ ಗೋಡೆ ಕಟ್ಟಿಬಿಟ್ಟರೆ? ಆಗ ಇವರು ಛಾವಣಿ ಹಾಕಲೇಬೇಕಲ್ಲ! ನಾಲ್ಕು ಮೂಲೆಗೂ ಕಂಬಿ ಇಳಿಸಿದೆವು. ಗೋಡೆಯ ನೆತ್ತಿಗೆ ಸುತ್ತಲೂ ಕಂಬಿ ಕಟ್ಟಿ ಕಾಂಕ್ರೀಟಿನ ಪಟ್ಟಿ ಹಾಕಿದೆವು. ಅತಿಥಿಗೃಹದ ವಿಸ್ತರಣೆಗೆ ಬಂದಿದ್ದ ಕಂಬಿ ಅದು, ಪಾಸ್ಟರಿಗೆ ಹೇಳಲಿಲ್ಲ. ಮೂರು ಹೊತ್ತೂ ನಾನೇ ನೀರು ಹೊಡೆದೆ. ನನ್ನ ಜೀವಮಾನದಲ್ಲಿ ಅಂಥ ಗೋಡೆ ಕಟ್ಟಿಲ್ಲ.

ನಿನ್ನ ಗಂಡ ಇದನ್ನೆಲ್ಲ ನೋಡಿ, ಸಂಜೆ ಪ್ರಾರ್ಥನೆಯಲ್ಲಿ ಕಣ್ಣೀರು ಹಾಕಿಕೊಂಡು "ನನ್ನ ಮಾವನವರ ಹೃದಯವನ್ನು ದೇವರು ಮುಟ್ಟಿದ್ದಾನೆ" ಅಂದ. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಎದ್ದು ಗೋಡೆಗೆ ನೀರು ಹೊಡೆಯೋಕೆ ಹೋದೆ.

ಆ ಹೆಂಗಸು ಕಂಬಿ ಇಳಿಸುವುದನ್ನು ನೋಡಿದಳು. "ಬೇಡ ಮೇಸ್ತ್ರಿ" ಅಂದಳು. "ನೋಡ್ತಿರಮ್ಮಾ, ಇದನ್ನ ಯಾರೂ ಮುಟ್ಟೋಕಾಗಲ್ಲ" ಅಂದೆ. ಪಕ್ಕಕ್ಕೆ ತಿರುಗಿ ಉಗುಳಿ, ಇಟ್ಟಿಗೆ ರಾಶಿಗೆ ಹೋಗಿ ಕೂತಳು. ಅಷ್ಟಾದ ಮೇಲೆ ನನ್ನ ಜೊತೆ ಮಾತಾಡಿಲ್ಲ.

ಬುಧವಾರ ಹೊರಡುತ್ತೇವೆ.

ಅಪ್ಪ


ಏಪ್ರಿಲ್ 2

ಅಪ್ಪನವರಿಗೆ,

ಕಳೆದ ತಿಂಗಳು ನಮ್ಮ ಸಭೆಯಲ್ಲಿ ಹೋಗಿ ಬಂದವರು ಸಾಕ್ಷಿ ಹೇಳುವ ಭಾನುವಾರ ನೀವು ಎದ್ದು ನಿಂತಾಗ ನಾನು ಪಾಪುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂರನೇ ಬೆಂಚಿನಲ್ಲಿದ್ದೆ. ಗೋಡೆಯ ವಿಷಯ ನೀವು ಹೇಳಿದ್ದು ಅಷ್ಟೂ ನಿಜ. ಅದಕ್ಕೇ ಈ ಕಾಗದ ಬರೆಯೋಕೆ ಇಷ್ಟು ದಿನ ಹಿಡಿಯಿತು.

ನೀವು ಹೊರಟುಹೋದ ಮೇಲೆ ಏನಾಯಿತು ಅಂತ ನಿಮಗೆ ಗೊತ್ತಿರಬೇಕು. ಯಾರೂ ಜಗಳ ಆಡಲಿಲ್ಲ. "ವಯಸ್ಸಾಯ್ತು, ಅಲ್ಲಿ ಬಿಸಿಲು ಹೊಡೆದಿರಬೇಕು" ಅಂದರು ಬೇಕರಿಯವರು. ಡಾಕ್ಟರು, ಇಂಥ ಮರೆವಿಗೆ ಒಳ್ಳೆ ಮಾತ್ರೆ ಇದೆ ಅಂದರು. ಇವರು ಮೈಕು ಹಿಡಿದು "ಮಾವನವರನ್ನು ಕ್ಷಮಿಸಿದ್ದೇನೆ, ನೀವೂ ಕ್ಷಮಿಸಿ" ಅಂದರು. ಚಪ್ಪಾಳೆ ಬಿತ್ತು. ಆಮೇಲೆ ಕಾಫಿ ಕೊಟ್ಟರು. ಇವರು ಕಾರ್ಯದರ್ಶಿ ಆದರು.

ಮನೆಯಲ್ಲಿ ನಿಮ್ಮ ಮಾತು ಎತ್ತುವಂತಿಲ್ಲ. ಸ್ವಲ್ಪ ದಿನ ಈ ಕಡೆ ಬರಬೇಡಿ. ಕಾಗದವೂ ಬೇಡ.

ನಿಮ್ಮ ಮಗಳು


ಜೂನ್ 19

ಪುಟ್ಟಿ,

ಬೇಡ ಅಂದಿದ್ದೀಯ, ಆದರೂ ಎರಡೇ ಸಾಲು. ಪಾಪುಗೆ ಮೂರು ತುಂಬಿತು. ಒಂದು ಮರದ ಗಾಡಿ ಮಾಡಿದ್ದೇನೆ, ಬಸ್ಸಿನಲ್ಲಿ ಕಳಿಸುತ್ತೇನೆ. ಯಾರು ಕಳಿಸಿದ್ದು ಅಂತ ಹೇಳದಿದ್ದರೂ ಪರವಾಗಿಲ್ಲ.

ಅಪ್ಪ


ಜನವರಿ 22

ಅಪ್ಪಾ,

ನಾನು ಎಲ್ಲಿಂದ ಬರೆಯುತ್ತಿದ್ದೇನೆ ಅಂತ ಅಂಚೆ ಮುದ್ರೆ ನೋಡಿ ನಿನಗೆ ಗೊತ್ತಾಗಿರುತ್ತೆ. ಪಾಪುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೇನೆ. ಕಾರ್ಯದರ್ಶಿಯ ಹೆಂಡತಿ ಬರದಿದ್ದರೆ ಜನ ಏನಂತಾರೆ ಅಂದರು ಇವರು. ನನಗೂ ಬರಬೇಕಿತ್ತು. ಯಾಕೆ ಅಂತ ಆಗ ಗೊತ್ತಿರಲಿಲ್ಲ.

ಮೊದಲು ಒಪ್ಪಿಕೊಳ್ಳಬೇಕಾದ್ದು ಒಪ್ಪಿಕೊಳ್ಳುತ್ತೇನೆ. ಹೌದು, ನನಗೆ ಗೊತ್ತಿತ್ತು. ಮೊದಲ ವರ್ಷ ಹೋಗಿ ಬಂದಾಗಲೇ ಇವರು ಹೇಳಿದ್ದರು. ಆ ಫೋಟೋಗಳಲ್ಲಿ ಗೋಡೆ ಸೊಟ್ಟಗೆ ಬಂದಿತ್ತು, ಸಭೆಯಲ್ಲಿ ನಕ್ಕಿದ್ದರು. ಮುಂದಿನ ಸಲ ನೆಟ್ಟಗೆ ಕಾಣಲಿ ಅಂತ ನಿನ್ನನ್ನು ಕಳಿಸಿದೆ. ನೀವಿಬ್ಬರೂ ಒಂದು ತಿಂಗಳು ಜೊತೆಗಿದ್ದರೆ ಹೊಂದಿಕೊಳ್ಳುತ್ತೀರಿ ಅಂತಲೂ ಆಸೆ ಇತ್ತು. ಎರಡೂ ನಿಜ. ಒಡೆಯುವುದು ಅಂದರೆ ಏನು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ನಿನ್ನ ಗೋಡೆ ಈಗ ಇಲ್ಲ. ಅದೇ ಪಾಯದ ಮೇಲೆ ನಾವು ಆರನೆಯದು ಕಟ್ಟುತ್ತಿದ್ದೇವೆ. ಮೊದಲ ಎರಡು ದಿನ ಹಳದಿ ಅಂಗಿ ಹಾಕಿಕೊಂಡು ಸಾಲಿನಲ್ಲಿ ನಿಂತು ಇಟ್ಟಿಗೆ ದಾಟಿಸಿದೆ. ಹಾಡು ಹೇಳಿಕೊಂಡು. ಖುಷಿಯಾಗಿತ್ತು ಅಪ್ಪಾ. ಎಲ್ಲ ಗೊತ್ತಿದ್ದೂ ಖುಷಿಯಾಗಿತ್ತು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಮೂರನೇ ದಿನ ಅತಿಥಿಗೃಹದ ಹಿಂದೆ ಪಾತ್ರೆ ತೊಳೆಯುವ ಕಡೆ ನಮ್ಮ ಮಾತಾಡುವ ಒಬ್ಬಳು ಸಿಕ್ಕಳು. ಬಲಗೈಯಲ್ಲಿ ಹೆಬ್ಬೆಟ್ಟು, ತೋರುಬೆರಳು ಎರಡೇ ಇದ್ದವು. ಎಡಗೈಯಲ್ಲಿ ತಟ್ಟೆ ಉಜ್ಜುತ್ತಿದ್ದಳು. ಏನಾಯಿತು ಅಂತ ಕೇಳಿದೆ.

"ಹೋದ ವರ್ಷ ಒಬ್ಬ ಮೇಸ್ತ್ರಿ ಬಂದಿದ್ರು. ಗಟ್ಟಿ ಕೆಲಸಗಾರ. ಒಡೆಯೋ ಯಂತ್ರ ಈ ಕಡೆ ಸಿಗಲ್ಲ, ನಾವೇ ಒಡೀಬೇಕಿತ್ತು. ಬೇರೆ ಗೋಡೆ ಹತ್ತು ದಿನ, ಅದು ಎರಡು ತಿಂಗಳು ತಗೊಳ್ತು. ಮೇಲಿನ ಕಾಂಕ್ರೀಟು ಪಟ್ಟಿ ಒಂದೇ ಸಲ ಕೈ ಮೇಲೆ ಬಿತ್ತು."

ನಿನಗೆ ಇದನ್ನು ಬರೆಯಬಾರದು ಅಂತ ಎರಡು ದಿನ ಒದ್ದಾಡಿದೆ. ಬರೆಯದಿದ್ದರೆ ನಾನು ಮತ್ತೆ ಹಳೆಯ ನಾನೇ ಆಗುತ್ತೇನೆ.

"ಆ ಮೇಸ್ತ್ರಿ ನನ್ನಪ್ಪ" ಅಂದೆ. ಅವಳು ತಟ್ಟೆ ಉಜ್ಜುವುದು ನಿಲ್ಲಿಸಲಿಲ್ಲ. "ಬೇಡ ಅಂತ ಹೇಳಿದ್ದೆ" ಅಂದಳು.

ಅವತ್ತು ಮಧ್ಯಾಹ್ನ ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳಿದೆ. ಅವಳ ಕೈ ಬಗ್ಗೆ, ಆರು ಗೋಡೆಗಳ ಬಗ್ಗೆ. ಹಾಡುವ ಹುಡುಗಿಯರು ಅತ್ತರು. ಸ್ವಲ್ಪ ಹೊತ್ತು ಅತ್ತ ಮೇಲೆ ಒಬ್ಬಳು "ಅಕ್ಕಾ, ಅವಳಿಗಾಗಿ ಪ್ರಾರ್ಥನೆ ಮಾಡೋಣ" ಅಂದಳು, ಎಲ್ಲರೂ ಕಣ್ಣು ಮುಚ್ಚಿದರು. ಪಲ್ಯ ತಣ್ಣಗಾಗುತ್ತಿತ್ತು, ಪ್ರಾರ್ಥನೆ ಬೇಗ ಮುಗಿಯಿತು. ಇವರು ನನ್ನ ಕೈ ಹಿಸುಕಿ, ನಗುತ್ತಲೇ, "ಮನೆಗೆ ಹೋದ ಮೇಲೆ ಮಾತಾಡೋಣ" ಅಂದರು.

ಗೋಡೆ ಕೆಲಸಕ್ಕೆ ಇನ್ನು ಹೋಗುವುದಿಲ್ಲ. ಅವಳ ಜೊತೆ ಪಾತ್ರೆ ತೊಳೆಯುತ್ತಿದ್ದೇನೆ. ಅವಳೇನೂ ಕರೆದಿಲ್ಲ, ಬೇಡ ಅಂತಲೂ ಅಂದಿಲ್ಲ.

ಪುಟ್ಟಿ


ಫೆಬ್ರವರಿ 6

ಅಪ್ಪಾ,

ನಿನ್ನಿಂದ ಉತ್ತರ ಬಂದಿಲ್ಲ. ಬರೆಯೋಕೆ ಆಗುತ್ತಿಲ್ಲ ಅಂತ ಗೊತ್ತು. ಇಲ್ಲಿ ನಡೆದದ್ದು ಕೇಳು.

ಶನಿವಾರ ಇವರು ತಂಡವನ್ನೆಲ್ಲ ಬಸ್ಸಿನಲ್ಲಿ ಜಲಪಾತ ನೋಡೋಕೆ ಕರೆದುಕೊಂಡು ಹೋದರು. ಹೊಟ್ಟೆ ಸರಿಯಿಲ್ಲ ಅಂತ ನಾನು ಉಳಿದೆ. ಬಸ್ಸು ತಿರುವು ದಾಟಿತೋ ಇಲ್ಲವೋ, ಚಹಾದಂಗಡಿಯಿಂದ ಆ ಮೇಸ್ತ್ರಿಗಳು ಎದ್ದು ಬಂದರು. ಹೋದ ವರ್ಷ ನಿನ್ನ ಜೊತೆ ಕೆಲಸ ಮಾಡಿದ ಮೂವರೂ ಇದ್ದರು. ಅವರ ಹಿಂದೆ ಇಟ್ಟಿಗೆ ಕೆರೆಯುವ ಹೆಂಗಸರು, ಅವರ ಹಿಂದೆ ಜಗಲಿಯಲ್ಲಿ ಆರಾಧನೆ ಮಾಡುವ ಜನ. ಯಾರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಎಲ್ಲ ಮೊದಲೇ ಮಾತಾಡಿಕೊಂಡಿದ್ದರು. ಅತಿಥಿಗೃಹದ ಹೊಸ ಊಟದ ಕೋಣೆಗೆ ಅಂತ ತಂದಿಟ್ಟಿದ್ದ ತಗಡಿನ ಶೀಟುಗಳನ್ನು ಹೊತ್ತುಕೊಂಡು ಬಂದು, ಎತ್ತರ ಸಾಲದ ಗೋಡೆಯ ಮೇಲೇ ಅಡ್ಡ ಮರ ಹಾಕಿ ಸಂಜೆಯೊಳಗೆ ಹೊದಿಸಿಬಿಟ್ಟರು. ನಾನು ಏಣಿ ಹಿಡಿದುಕೊಂಡಿದ್ದೆ, ಅಷ್ಟೆ. ಪಾಸ್ಟರು ಓಡಿ ಬಂದು ಕೂಗಾಡಿದರು. ಒಬ್ಬ ಮುದುಕ ಏಣಿಯಿಂದ ಇಳಿಯದೆ ಅಲ್ಲಿಂದಲೇ ಏನೋ ಹೇಳಿದ. ಪಾಸ್ಟರು ತಿರುಗಿ ಮನೆಯ ಕಡೆ ನಡೆದರು. ಆಮೇಲೆ ಎಲ್ಲರೂ ತಗಡು ತಾಗದ ಹಾಗೆ ತಲೆ ಬಗ್ಗಿಸಿ ಒಳಗೆ ಹೋಗಿ ಕೂತು ಹಾಡಿದರು. ಇನ್ನು ಅದನ್ನು ಒಡೆಯೋಕೆ ಯಾರೂ ಕೂಲಿಗೆ ಸಿಗಲ್ಲ ಅಂತ ಆ ಮುದುಕ ಹೇಳಿದ್ದಂತೆ.

ಬಸ್ಸು ವಾಪಸು ಬಂತು. ನಮ್ಮವರು ಛಾವಣಿ ನೋಡಿ ಕುಣಿದಾಡಿದರು. ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಮಾರನೆಯ ದಿನ ಪಾಸ್ಟರು, ಅದೇ ಪಾಸ್ಟರು, ಹೊಸ ಗುಡಿಯಲ್ಲಿ ನಿಂತು "ದೂರದಿಂದ ಬಂದು ಕಟ್ಟಿಕೊಟ್ಟ ಈ ಕೈಗಳಿಗಾಗಿ ಸ್ತೋತ್ರ" ಅಂದರು. ಇವರು ಎದ್ದು ನಿಂತು ತಲೆ ಬಾಗಿದರು. ಮೇಸ್ತ್ರಿಗಳು ಹಿಂದಿನ ಸಾಲಿನಲ್ಲಿದ್ದರು, ಅವರಲ್ಲೊಬ್ಬ ಆಕಳಿಸಿದ.

ಅವಳು ಒಳಗೆ ಬರಲಿಲ್ಲ. ಹೊರಗೆ ಹೋಗಿ ಕರೆದೆ. "ನಿಮ್ಮದೇ ಗುಡಿ ಆಯ್ತಲ್ಲ, ಬಾ" ಅಂದೆ.

"ಅದನ್ನ ನೋಡಿದ್ರೆ ನನಗೆ ಆ ಪಟ್ಟಿ ಬಿದ್ದದ್ದೇ ಕಾಣುತ್ತೆ" ಅಂದಳು. "ನೀನು ಹೋಗು, ನಿನಗೆ ತಡವಾಗುತ್ತೆ."

ನಾನೂ ಒಳಗೆ ಹೋಗಲಿಲ್ಲ. ಪಾತ್ರೆ ಉಳಿದಿತ್ತು.

ಮುಂದಿನ ಬುಧವಾರ ತಂಡದ ಜೊತೆ ವಿಮಾನ ಇಳಿಯುತ್ತೇನೆ. ಅಲ್ಲಿಂದ ಇವರ ಜೊತೆ ಮನೆಗೆ ಹೋಗುವುದಿಲ್ಲ. ಅತ್ತೆಯ ಮನೆಗೆ ಹೋಗಿ ಪಾಪುವನ್ನು ಎತ್ತಿಕೊಂಡು ನಿನ್ನ ಹತ್ತಿರ ಬರುತ್ತೇನೆ. ಎಷ್ಟು ದಿನಕ್ಕೆ ಅಂತ ಕೇಳಬೇಡ. ಹೊರಡುವ ಮುಂಚೆ ನಿನ್ನ ಪರವಾಗಿ ಅವಳ ಹತ್ತಿರ ಕ್ಷಮೆ ಕೇಳಲಾ? ಹಿಂದಿನ ರಸ್ತೆಯ ಅಂಗಡಿಯ ಫೋನ್ ನಂಬರು ಕೆಳಗೆ ಬರೆದಿದ್ದೇನೆ. ಅಂಚೆಗೆ ಕಾಯಬೇಡ, ಹೊಸದಾಗಿ ಬಂದಿರುವ ಆ ಅಂಗಡಿಯವನು ಸಂದೇಶ ಮುದ್ರಿಸಿ ತಂದುಕೊಡುತ್ತಾನೆ.

ಪುಟ್ಟಿ


ಫೆಬ್ರವರಿ 12

ಪುಟ್ಟಿ,

ಪಕ್ಕದ ಮನೆಯವನ ಕೈಯಲ್ಲಿ ಅವನ ಫೋನಿನಲ್ಲೇ ಬರೆಸಿ ಕಳಿಸುತ್ತಿದ್ದೇನೆ. ಎರಡು ವಾರದಿಂದ ನಾನು ಕರಣೆ ಮುಟ್ಟಿಲ್ಲ. ಪೆನ್ನೂ ಮುಟ್ಟಿಲ್ಲ. ಮೊನ್ನೆ ಒಬ್ಬರು ಕಾಂಪೌಂಡು ಕಟ್ಟೋಕೆ ಕರೆದರು, ಅರ್ಧ ದಾರಿಯಿಂದ ವಾಪಸು ಬಂದೆ. ಅಳಿಯನ ಬಗ್ಗೆ, ಪಾಸ್ಟರ ಬಗ್ಗೆ ಒಂದು ವರ್ಷ ಬಾಯಿ ತುಂಬ ಉಗಿದೆ. ಅವರೆಲ್ಲ ಸೇರಿಯೂ ಅವಳ ಬೆರಳು ತೆಗೆದಿರಲಿಲ್ಲ. ಅವಳು ಬೇಡ ಅಂದಳು. ನಾನು ನನ್ನ ಕೈ ಚಳಕ ತೋರಿಸಬೇಕಿತ್ತು.

ಕ್ಷಮೆ ಕೇಳಬೇಡ. ಕೇಳಿದರೆ ಅವಳು "ಹೋಗಲಿ ಬಿಡಿ" ಅನ್ನಬೇಕಾಗುತ್ತೆ. ನನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ಅವಳ ತಲೆಗೆ ಕಟ್ಟಬೇಡ. ಉಳಿದ ಪಾತ್ರೆ ತೊಳೆದುಕೊಟ್ಟು ಬಾ.

ಗುರುವಾರ ಬೆಳಗ್ಗೆಯಿಂದ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ. ಯಾವ ಬಸ್ಸಿಗೆ ಬಂದರೂ ಸರಿ.

ಅಪ್ಪ